ತಾಮ್ರವಿಲ್ಲದ ಸುರುಳಿ

ವಾಡಿಯ ಒಂದು ತರಬೇತಿ ಕೇಂದ್ರದಲ್ಲಿ ನಾನು ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಜನ ಮುಂದೆ ಸಿಮೆಂಟ್ ಕಾರ್ಖಾನೆಗಳಲ್ಲಿ ಮೋಟಾರು, ವಾಲ್ವುಗಳನ್ನು ನಡೆಸುವ ಎಲೆಕ್ಟ್ರಾನಿಕ್ ಕಾರ್ಡುಗಳನ್ನು ನೋಡಿಕೊಳ್ಳುವವರು. ಕಲಿಯುವಾಗಲೇ ನಿಜವಾದ ಮೋಟಾರಿಗೆ ಕೈ ಹಾಕಿದರೆ ಆಗಾಗ ಒಂದಾದರೂ ಸುಟ್ಟುಹೋಗುತ್ತಿತ್ತು. ಅದಕ್ಕೆಂದೇ ಒಂದು ಡಬ್ಬಿ ಕಟ್ಟಿದೆ. ಒಳಗೆ ತಂತಿಯ ಸುರುಳಿಯಿಲ್ಲ, ಕಬ್ಬಿಣವಿಲ್ಲ, ಬರೀ ಸರ್ಕ್ಯೂಟು. ಆದರೆ ಅದಕ್ಕೆ ಜೋಡಿಸಿದ ಕಾರ್ಡು, ಎದುರಿಗೆ ಮೋಟಾರೋ, ವಾಲ್ವು ತೆರೆಯುವ ಸೊಲೆನಾಯ್ಡೋ ಇದೆ ಎಂದೇ ನಂಬಬೇಕು.

ನಂಬಿತು ಕೂಡ. ತೊಂದರೆ ಬಂದದ್ದು ಚೀಟಿ ಅಂಟಿಸುವಾಗ. ಡಬ್ಬಿಯ ಪ್ರತಿ ಸಾಕೆಟ್ಟಿನ ಕೆಳಗೆ ಅದರ ಇಂಡಕ್ಟನ್ಸ್ ಎಷ್ಟೆಂದು ಬರೆಯಿರಿ ಎಂದು ಪ್ರಾಚಾರ್ಯರು ಹೇಳಿದ್ದರು. ಸುರುಳಿಯಲ್ಲಿ ಕರೆಂಟು ಒಮ್ಮೆಲೇ ಏರುವುದಿಲ್ಲ, ಹಟ ಮಾಡಿ ನಿಧಾನಕ್ಕೆ ಏರುತ್ತದೆ. ಆ ಹಟದ ಅಳತೆಯೇ ಇಂಡಕ್ಟನ್ಸ್. ಮೀಟರು ಹಚ್ಚಿದೆ. ಒಮ್ಮೆ ಒಂದು ಅಂಕಿ, ಮರುಕ್ಷಣ ಇನ್ನೊಂದು. ಒಂದು ಸಲ ಸೊನ್ನೆಗಿಂತಲೂ ಕೆಳಗೆ ತೋರಿಸಿತು. ಮೂರು ದಿನ ಹೀಗೇ ಹೋಯಿತು. ಮೀಟರೇ ಕೆಟ್ಟಿರಬೇಕು ಎಂದುಕೊಂಡೆ.

ಅದನ್ನು ಪರೀಕ್ಷಿಸಲು ಸ್ಟೇಷನ್ ರಸ್ತೆಯ ವೈಂಡಿಂಗ್ ಅಂಗಡಿಗೆ ಹೋದೆ. ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಆ ಅಂಗಡಿ ಒಬ್ಬ ಹೆಂಗಸಿನದು. ಶಹಾಬಾದಿನಲ್ಲಿ ತಂದೆಯ ಹತ್ತಿರ ಕಲಿತು, ಮದುವೆಯಾಗಿ ಬಂದ ಮೇಲೆ ಇಲ್ಲಿ ಅಂಗಡಿ ತೆರೆದವರು. ನನಗಿಂತ ಹದಿನೈದು ವರ್ಷ ದೊಡ್ಡವರು, ನಾನು ಅಕ್ಕ ಎನ್ನುತ್ತೇನೆ. ಅವರ ಸುರುಳಿಗಳಿಗೆ ಹಚ್ಚಿದರೆ ಮೀಟರು ಒಂದೇ ಅಂಕಿಗೆ ಗಟ್ಟಿಯಾಗಿ ನಿಂತಿತು.

"ಮೀಟರ್ ಛಲೋ ಅದ ಮೇಡಂ. ನಿಮ್ಮ ಡಬ್ಬಿದಾಗ ಎಷ್ಟು ಸುತ್ತು ಹಾಕೀರಿ?"

"ಒಂದೂ ಇಲ್ಲರಿ ಅಕ್ಕಾ."

ಹಿಟ್ಟಿಲ್ಲದೆ ರೊಟ್ಟಿ ಬಡಿದೆ ಎಂದು ನಾನು ಹೇಳಿದಂತೆ ಅವರು ನನ್ನ ಮುಖ ನೋಡಿದರು. ಮರುದಿನ ಬೆಳಿಗ್ಗೆ ತಾವೇ ತಂತಿ ಸುತ್ತಿದ, ನಡುವೆ ಕಬ್ಬಿಣದ ಸರಳು ಓಡಾಡುವ ಒಂದು ಸೊಲೆನಾಯ್ಡನ್ನು ಚೀಲದಲ್ಲಿ ಹಾಕಿಕೊಂಡು ನಮ್ಮ ಲ್ಯಾಬಿಗೇ ಬಂದರು. ಡಬ್ಬಿಯ ಮುಚ್ಚಳ ತೆಗೆಸಿ, ನಿಜಕ್ಕೂ ತಾಮ್ರವಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ, ಹೇಗೆ ಅಳೆದೆ ಎಂದು ಕೇಳಿದರು. ತೋರಿಸಿದೆ.

"ಇದು ದುಡಿಯೂದು ಇಪ್ಪತ್ನಾಕು ವೋಲ್ಟಿನ ಮ್ಯಾಲ ಅಂತೀರಿ. ನೀವು ನೋಡಿದ್ರ ಅದಕ್ಕ ದುಡಿಲಿಕ್ಕೇ ಹಚ್ಚದೆ ಅಳೀಲಿಕತ್ತೀರಿ" ಎಂದರು.

ತಾಮ್ರದ ಸುರುಳಿ ಸುಮ್ಮನೆ ಬಿದ್ದಿದ್ದರೂ ಸುರುಳಿಯೇ. ನನ್ನ ಡಬ್ಬಿ ಸುರುಳಿಯಾಗುವುದು ಅದಕ್ಕೆ ಪೂರ್ತಿ ವೋಲ್ಟು ಕೊಟ್ಟಾಗ ಮಾತ್ರ. ಮೀಟರು ಕಳಿಸುತ್ತಿದ್ದ ಅರ್ಧ ವೋಲ್ಟಿನ ಸಣ್ಣ ಅಲೆ ಅದಕ್ಕೆ ಏನೇನೂ ಸಾಲದು. ಪುಸ್ತಕದಲ್ಲಿ ಓದಿದ್ದೆ, ಪಾಠವನ್ನೂ ಮಾಡಿದ್ದೆ, ಕೈ ಮಾತ್ರ ಮೀಟರಿಗೇ ಹೋಗಿತ್ತು.

ಮೀಟರು ಬದಿಗಿಟ್ಟು, ಕರೆಂಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಹಚ್ಚಿದೆವು. ಇಪ್ಪತ್ನಾಲ್ಕು ವೋಲ್ಟು ಕೊಟ್ಟ ಕೂಡಲೇ ಕರೆಂಟು ಪರದೆಯ ಮೇಲೆ ಓರೆಯಾಗಿ ಏರಿತು. ಎಷ್ಟು ಬೇಗ ಏರುತ್ತದೆ ಎಂದು ನೋಡಿ, ವೋಲ್ಟನ್ನು ಅದರಿಂದ ಭಾಗಿಸಿದರೆ ಇಂಡಕ್ಟನ್ಸ್. ಮುನ್ನೂರು ಮಿಲಿಹೆನ್ರಿಗೆ ಕಟ್ಟಿದ್ದೆ, ಇನ್ನೂರ ತೊಂಬತ್ತು ಬಂತು. ಎಷ್ಟು ಸಲ ಅಳೆದರೂ ಅಷ್ಟೇ. ಆ ಹೊತ್ತಿಗೆ ಬಂದ ಚಹಾವನ್ನು ಇಬ್ಬರೂ ಖುಷಿಯಿಂದ ಕುಡಿದೆವು.

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. ತಾವು ತಂದ ಸೊಲೆನಾಯ್ಡನ್ನೂ ಹಚ್ಚಲು ಹೇಳಿದರು. ಅದರ ಗೆರೆ ಏರುತ್ತಾ ಹೋಗಿ, ನಡುವೆ ಒಂದು ಕಡೆ ಸಣ್ಣಗೆ ತಗ್ಗಿ, ಮತ್ತೆ ಏರಿತು. ಎಲ್ಲೋ ತಂತಿ ಸಡಿಲವಾಗಿದೆ ಎಂದು ನಾನು ಕ್ಲಿಪ್ಪು ಅಲುಗಾಡಿಸತೊಡಗಿದೆ. ಅವರು ನನ್ನ ಕೈ ಹಿಡಿದರು.

"ಸಡ್ಲ ಆಗಿಲ್ಲರಿ. ಸರಳು ಟಕ್ ಅಂತ ಒಳಗ ಹೋದದ್ದು ಅಲ್ಲೇ."

ನೋಡಿ ಎನ್ನುತ್ತಾ ಕಬ್ಬಿಣದ ಸರಳನ್ನು ಬೆರಳಿನಿಂದ ಪೂರ್ತಿ ಒಳಗೆ ಒತ್ತಿ ಹಿಡಿದರು. ಮತ್ತೆ ವೋಲ್ಟು ಕೊಟ್ಟಾಗ, ಸರಳು ಓಡಾಡದ್ದರಿಂದ ತಗ್ಗು ಮಾಯವಾಯಿತು. ಗೆರೆಯೂ ಮೊದಲಿಗಿಂತ ನಿಧಾನಕ್ಕೆ ಏರಿತು. ಸರಳು ಹೊರಗಿದ್ದಾಗ ಒಂದು ಇಂಡಕ್ಟನ್ಸ್, ಒಳಗಿದ್ದಾಗ ಇನ್ನೊಂದು. ನನ್ನ ಡಬ್ಬಿಯಲ್ಲಿ ಒಂದು ಸಾಕೆಟ್ಟಿಗೆ ಇದ್ದದ್ದು ಒಂದೇ.

ಸರ್ಕ್ಯೂಟಿಗೆ ಆ ತಗ್ಗನ್ನು ಕಲಿಸಲು ನನಗೆ ಎರಡು ವಾರ ಹಿಡಿಯಿತು. ನಂತರ ಅಕ್ಕನನ್ನು ಮತ್ತೆ ಕರೆಸಿದೆ. ಡಬ್ಬಿ, ಅವರ ಸೊಲೆನಾಯ್ಡು ಎರಡನ್ನೂ ಪಕ್ಕದ ಕೋಣೆಯಲ್ಲಿಟ್ಟು, ಬಾಗಿಲು ಮುಚ್ಚಿ, ಎರಡು ಗೆರೆಗಳನ್ನಷ್ಟೇ ಪರದೆಯ ಮೇಲೆ ತೋರಿಸಿದೆ. ನಿಮ್ಮದು ಯಾವುದು ಹೇಳಿ ಎಂದೆ. ವಿದ್ಯಾರ್ಥಿಗಳೆಲ್ಲ ಸುತ್ತ ನೆರೆದಿದ್ದರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ ಅಕ್ಕ, ಮೇಲಿನದನ್ನು ಮುಟ್ಟಿ, "ಇದು ನನ್ನ ಕೈಲೆ ಸುತ್ತಿದ್ದು" ಎಂದರು.

ಅದು ಡಬ್ಬಿಯದು.

ಬಾಗಿಲು ತೆಗೆದು ತೋರಿಸಿದಾಗ ಅವರು ನಗತೊಡಗಿದರು. ಕಣ್ಣೀರು ಬಂದು ಸೆರಗಿನಿಂದ ಒರೆಸಿಕೊಂಡರೂ ನಗು ನಿಲ್ಲಲಿಲ್ಲ. ಆಮೇಲೆ ಸ್ಟೂಲು ಎಳೆದುಕೊಂಡು ಕೂತು, ಇನ್ನೊಮ್ಮೆ ಹಚ್ಚಿ ಎಂದರು. ಅವತ್ತು ಆರು ಸಲ ಹಚ್ಚಿದೆವು.