ಮನೆ ಸಾಲಿನ ಬದನೆಕಾಯಿ

ಗೌಡಗೆರೆಯ ಬಾಡಿಗೆ ಕೋಣೆಗೆ ಬಂದ ಮೊದಲ ಬೆಳಿಗ್ಗೆ, ಬಚ್ಚಲಲ್ಲಿ ನೀರು ಮೊಗೆಯಲು ಇಟ್ಟಿದ್ದದ್ದು ಅರ್ಧಕ್ಕೆ ಕೊಯ್ದ ಕೀಟನಾಶಕದ ಡಬ್ಬಿ. ಮೇಲಿನ ತಲೆಬುರುಡೆಯ ಚಿತ್ರ ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ನಾಲ್ಕು ಸಲ ತಲೆಗೆ ಸುರಿದುಕೊಂಡಾಗಿತ್ತು. ಮನೆಯೊಡತಿ ರಂಗಮ್ಮನನ್ನು ಕೇಳಿದರೆ, “ಮೂರ್ ಸತಿ ಬೂದಿ ಹಾಕಿ ಉಜ್ಜಿವ್ನಿ ಕಣಮ್ಮ, ಏನೂ ಆಗಕಿಲ್ಲ” ಅಂದಳು. ಅವತ್ತೇ ಶಿರಾಕ್ಕೆ ಹೋಗಿ ಸ್ಟೀಲಿನ ಚೊಂಬು ತಂದೆ.

ನಾನು ಧಾರವಾಡದವಳು. ಬದನೆಯ ಕಾಯಿಕೊರಕ ಹುಳು ಔಷಧಕ್ಕೆ ಜಗ್ಗದೆ ಬದುಕುವುದು ಹೇಗೆಂದು ಸಂಶೋಧನೆ ಮಾಡುವುದು ನನ್ನ ಕೆಲಸ. ಅದಕ್ಕಾಗಿ ಮಧುಗಿರಿ, ಕೊರಟಗೆರೆ, ಪಾವಗಡಗಳ ಹೊಲ ಸುತ್ತಿ ಹುಳು ತರುತ್ತೇನೆ. ನಮ್ಮ ಕಡೆ ಕೀಟನಾಶಕಕ್ಕೆ ‘ಎಣ್ಣಿ’ ಅನ್ನುತ್ತಾರೆ, ಇಲ್ಲಿ ‘ಔಸ್ದಿ’. ವಿಷವೆಂದು ಮಾತ್ರ ಎರಡೂ ಕಡೆ ಯಾರೂ ಅನ್ನುವುದಿಲ್ಲ. ಪಾವಗಡದ ಗಡಿಯಲ್ಲಿ ನಾನು ಕಲಿತ ಮೊದಲ ತೆಲುಗು ವಾಕ್ಯ, “ಎಂತ ಕೊಟ್ಟಿನಾ ಚಾವಲೇದಮ್ಮಾ.” ಎಷ್ಟು ಹೊಡೆದರೂ ಸಾಯಲಿಲ್ಲಮ್ಮ ಎಂದರ್ಥ. ಭಾನುವಾರಗಳಲ್ಲಿ ಮಾತಿಗೆ ಜನವಿಲ್ಲದೆ ಹುಳುಗಳ ಡಬ್ಬಿ ತೊಳೆಯುತ್ತಾ ಕೂರುತ್ತಿದ್ದೆ. ರೊಟ್ಟಿ ಅಗಿದ ಬಾಯಿಗೆ ಮುದ್ದೆ ನುಂಗುವುದು ಬರಲು ಮೂರು ತಿಂಗಳು ಹಿಡಿಯಿತು. ನುಂಗಲು ಬಂದ ದಿನ ರಂಗಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಳು.

ರಂಗಮ್ಮನ ಗಂಡ ತಿಪ್ಪೇಸ್ವಾಮಿಯ ಹೊಲದಲ್ಲೂ ಬದನೆಯಿದೆ. ಬಾವಿಯ ಪಕ್ಕದ ಎರಡು ಸಾಲು ಬಿಟ್ಟು ಉಳಿದದ್ದಕ್ಕೆಲ್ಲ ಅವನು ಔಷಧ ಹೊಡೆಯುತ್ತಿದ್ದ. ಸಂಜೆ ಹೊಡೆದು, ಬೆಳಿಗ್ಗೆ ಕಿತ್ತು, ಲಾರಿಗೆ ಹಾಕುವುದು. ಆ ಎರಡು ಸಾಲು ಯಾಕೆ ಬಿಟ್ಟೆ ಎಂದು ಕೇಳಿದೆ.

“ಅದು ಮನೆ ಸಾಲು. ನಾವ್ ತಿನ್ನೋದಕ್ಕೆ ಯಾರಾನ ಔಸ್ದಿ ಹೊಡೀತಾರೇನಮ್ಮ?”

ಮಳೆಯ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದ. ನನಗೆ ಮೈಯೆಲ್ಲ ಹೇಸಿಗೆಯಾಯಿತು. ಆಮೇಲೆ ನೋಡಿದರೆ ಸುತ್ತಲಿನ ಎಷ್ಟೋ ಹೊಲಗಳಲ್ಲಿ ಮನೆ ಸಾಲಿತ್ತು. ಇವರ ಮುಖ ನೋಡುವುದೇ ಬೇಡ ಅನ್ನಿಸಿದರೂ ಮನೆ ಸಾಲಿನ ಹುಳು ನನಗೆ ಬೇಕಿತ್ತು. ಔಷಧ ಕಾಣದ ಹುಳು ಬೇಗ ಸಾಯುತ್ತದೆ, ಹೊಡೆದಷ್ಟೂ ಹುಳು ಗಟ್ಟಿಯಾಗುತ್ತದೆಂದು ಅದರಿಂದ ತೋರಿಸಿ ಇವನನ್ನು ತಡೆಯಬಹುದು ಎಂದುಕೊಂಡಿದ್ದೆ. ಔಷಧದಲ್ಲಿ ಅದ್ದಿದ ಬದನೆ ಹೋಳುಗಳನ್ನು ಮನೆ ಸಾಲು, ಮಾರುವ ಸಾಲು ಎರಡರ ಹುಳುಗಳಿಗೂ ಹಾಕಿದೆ. ಮೂರನೆಯ ದಿನ ಮುಚ್ಚಳ ತೆಗೆದರೆ ಕೊಳೆತ ವಾಸನೆ, ಹಿಕ್ಕೆ, ಅದರ ನಡುವೆ ಕೊಬ್ಬಿದ ಹುಳುಗಳು. ಮನೆ ಸಾಲಿನವೂ ಸತ್ತಿರಲಿಲ್ಲ. ಈ ಹುಳುವಿನ ಪತಂಗಗಳು ಎರಡೂ ಸಾಲುಗಳಲ್ಲಿ ಹಾರಾಡಿ ಮೊಟ್ಟೆಯಿಡುತ್ತವೆ ಎಂಬುದನ್ನು ಇಷ್ಟು ಓದಿದ ನಾನೇ ಮರೆತಿದ್ದೆ.

ಡಬ್ಬಿಯನ್ನೇ ಒಯ್ದು ತಿಪ್ಪೇಸ್ವಾಮಿಯ ಮುಂದಿಟ್ಟೆ. “ಈ ಔಷಧ ದಂಡ. ಹುಳು ಸಾಯಲ್ಲ, ತಿನ್ನುವವರ ಹೊಟ್ಟೆಗೆ ಮಾತ್ರ ಹೋಗುತ್ತೆ. ನಿಲ್ಲಿಸಿ, ಒಂದು ವಾರ ಬಿಟ್ಟು ಕೀಳಿ.”

ಅವನು ಹುಳುವನ್ನು ಕಡ್ಡಿಯಿಂದ ತಿರುವಿ ನೋಡಿದ. “ಅದ್ಕೇ ಅಂಗಡಿಯೋನು ಮೂರು ಥರದ್ದು ಬೆರ್ಸಿ ಕೊಟ್ಟವ್ನೆ. ನೆನ್ನೆ ಸಂಜೇನೇ ಹೊಡ್ದೆ ಕಣಮ್ಮ. ಇವತ್ತು ಲೋಡು ಹುಬ್ಳಿ ಕಡೀಕೆ.”

ಹುಬ್ಬಳ್ಳಿಗೆ ಬಂದ ತರಕಾರಿ ಧಾರವಾಡದ ನಮ್ಮ ಸಂತೆಗೂ ಬರುತ್ತದೆ. ಲಾರಿ ತಡೆಯಿರಿ ಎಂದು ಬೇಡಿಕೊಂಡೆ, ಕೂಗಾಡಿದೆ. ಅವನು ಚೀಲಗಳನ್ನು ಲಾರಿಗೆ ಎತ್ತಿಹಾಕಿದ.

ಲಾರಿ ಹೋದ ಮೇಲೆ ರಂಗಮ್ಮ ಸೆರಗಿನಲ್ಲಿ ಬದನೆಕಾಯಿ ತುಂಬಿಕೊಂಡು ಕೋಣೆಗೆ ಬಂದಳು. “ಮನೆ ಸಾಲಿನವು. ಇನ್ಮ್ಯಾಕೆ ಸಂತೇದು ತಿನ್ಬ್ಯಾಡ, ನೀನೀಗ ನಮ್ಮೋಳು.” ಬೇಡ ಎನ್ನಬೇಕಿತ್ತು. ಇಸಿದುಕೊಂಡೆ. ಹುಳು ಕೊರೆದಷ್ಟನ್ನು ಕೊಯ್ದು ಬಿಸಾಡಿ ಎಣ್ಣೆಗಾಯಿ ಮಾಡಿದೆ, ರುಚಿಯಾಗಿಯೇ ಇತ್ತು.

ಉಂಡು ಅವ್ವನಿಗೆ ಫೋನು ಮಾಡಿದೆ. ಈ ವಾರ ಬದನೆಕಾಯಿ ಕೊಳ್ಳಬೇಡ ಅಂದೆ.

“ಯಾಕ, ಏನಾಗೇದ? ಬಾಜೂ ಮನಿಯವ್ರಿಗೂ ಹೇಳ್ಲೇನು?”

ಹೇಳಿದರೆ ಮಾತು ಸಂತೆಗೆ ಹೋಗುತ್ತದೆ, ಯಾವ ಊರಿನದು ಎಂದು ಹುಡುಕುತ್ತಾರೆ, ತಿಪ್ಪೇಸ್ವಾಮಿಯ ಮಾಲು ಯಾರೂ ಮುಟ್ಟುವುದಿಲ್ಲ.

“ಬ್ಯಾಡವ್ವ,” ಅಂದೆ. “ನೀ ಒಬ್ಬಾಕಿ ತಿನ್ನೂದ ಬಿಟ್ರ ಸಾಕು.”