ಹಸಿರು ಗಾಡಿಯ ಎಡಗಾಲಿ

ಅಣ್ಣಿಗೇರಿ ಊರು ಮುಗಿದು ಹುಬ್ಬಳ್ಳಿ ರಸ್ತೆ ಶುರುವಾಗುವಲ್ಲಿ, ಒಂದು ಬೇವಿನ ಮರದ ಕೆಳಗೆ ಕನಕಪ್ಪನ ಪಂಕ್ಚರ್ ಅಂಗಡಿ ಇತ್ತು. ಅಂಗಡಿ ಎಂದರೆ ನಾಲ್ಕು ತಗಡು, ನೀರಿನ ತೊಟ್ಟಿ, ಕೈಪಂಪು, ಇಷ್ಟೇ. ಹರೆಯದಲ್ಲಿ ಹುಬ್ಬಳ್ಳಿಯ ಒಬ್ಬ ಲಾರಿ ಮಾಲೀಕನ ಬಳಿ ಟೈರ್ ಕೆಲಸಕ್ಕಿದ್ದ. ಒಂದು ದಿನ ಗಾಳಿ ತುಂಬುವಾಗ ಗಾಲಿಯ ಕಬ್ಬಿಣದ ಬಳೆ ಸಿಡಿದು ಬಲಗಿವಿ ಕೇಳದಾಯಿತು. ಮಾಲೀಕ ಬೇರೆಯವನನ್ನು ನೋಡಿಕೊಂಡ, ಕನಕಪ್ಪ ಊರಿಗೆ ಬಂದ. ಎತ್ತಿನ ಲಾಳದ ಮೊಳೆ, ಜಾಲಿಮುಳ್ಳು ಆ ರಸ್ತೆಯಲ್ಲಿ ಎಂದೂ ಕಡಿಮೆಯಿರಲಿಲ್ಲವಾದ್ದರಿಂದ ಅವನಿಗೆ ಕೆಲಸಕ್ಕೂ ಕೊರತೆ ಬೀಳಲಿಲ್ಲ. ಟೈರಿನ ಮೇಲೆ ಅಂಗೈ ಆಡಿಸಿ ಅದರ ಆಯುಸ್ಸು ಹೇಳುತ್ತಿದ್ದ. ಆದರೆ ಅವನನ್ನು ಕೇಳುವವರು ಯಾರು? ಡ್ರೈವರುಗಳು ಗಾಲಿ ಎಸೆದು, "ಲಗೂ ಮಾಡಲೇ" ಎಂದು ಚಹಾ ಕುಡಿಯಲು ಹೋಗುತ್ತಿದ್ದರು.

ಎಂಬತ್ತೈದರ ದೀಪಾವಳಿ ಕಳೆದ ಮೇಲೆ ಒಂದು ಮಂಗಳವಾರ, ಅವನ ಅಂಗಡಿಯ ಮುಂದೆ ಅವನು ಎಂದೂ ಕಾಣದಂಥದೊಂದು ಗಾಡಿ ಬಂದು ನಿಂತಿತು. ನೆಲಕ್ಕೆ ಅಂಟಿಕೊಂಡಂತೆ ಕುಳ್ಳಗಿನ ಹಸಿರು ಕಾರು. ಮೇಲೆ ಮುಚ್ಚಿಗೆಯಿಲ್ಲ, ಎರಡೇ ಸೀಟು, ಸೈಕಲ್ಲಿನಂತೆ ಕಡ್ಡಿಗಳಿರುವ ಗಾಲಿ. ಇಳಿದವರು ಧಾರವಾಡದ ವಕೀಲರು ಬಾಳಕೃಷ್ಣ, ಐವತ್ತರ ಮನುಷ್ಯ. ಹಡಗಿನ ಇಂಜಿನಿಯರನಾಗಿದ್ದ ಅಣ್ಣ ಪರದೇಶದಿಂದ ತಂದಿದ್ದ ಕಾರು, ಅವನು ತೀರಿಕೊಂಡ ಮೇಲೆ ಇವರ ಪಾಲಿಗೆ ಬಂದಿತ್ತು. ಗದಗಿನ ಕೋರ್ಟಿಗೆ ಅದರಲ್ಲೇ ಓಡಾಡುತ್ತಿದ್ದರು.

ಗಾಳಿ ಇಳಿದಿದ್ದ ಗಾಲಿಗೆ ಬೇರೆ ಕಾರುಗಳಂತೆ ನಾಲ್ಕು ನಟ್ಟುಗಳಿರಲಿಲ್ಲ. ನಡುವೆ ರೆಕ್ಕೆಯಂಥ ಒಂದೇ ನಟ್ಟು. ಕನಕಪ್ಪ ಅದನ್ನು ಸುತ್ತ ಸವರಿ ನೋಡಿ, ಕಟ್ಟಿಗೆಯ ತುಂಡು ಅಡ್ಡ ಹಿಡಿದು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಬಿಚ್ಚಿದ. ಟ್ಯೂಬನ್ನು ನೀರಲ್ಲಿ ಅದ್ದಿದಾಗ ಗುಳ್ಳೆಗಳು ಕಡ್ಡಿಯ ಕಡೆಗಿನ ಒಳಮೈಯಿಂದ ಎದ್ದವು.

"ಮೊಳಿ ಚುಚ್ಚಿಲ್ರೀ ಸಾಹೇಬ್ರ. ಒಳಗಿನ ರಬ್ಬರ್ ಪಟ್ಟಿ ಹರದು ಕಡ್ಡಿ ತುದಿ ಟ್ಯೂಬಿಗೆ ನಟ್ಟೈತಿ," ಎಂದ. ಲಾರಿಯ ಹಳೇ ಟ್ಯೂಬು ಕತ್ತರಿಸಿ ಹೊಸ ಪಟ್ಟಿ ಮಾಡಿ ಕೂಡಿಸಿದ. ಆಮೇಲೆ ನಾಲ್ಕೂ ಟೈರುಗಳ ಮೇಲೆ ಕೈಯಾಡಿಸಿ ತಲೆ ಅಲ್ಲಾಡಿಸಿದ. "ನೆಲಾ ತಾಕೂ ಕಡೆ ಹೂವು ಇನ್ನೂ ಕಾಣತೈತಿ ಖರೆ, ಬಾಜೂಕ ನೋಡ್ರಿ, ಹೆಂಗ ಸೀಳ್ಯಾವ. ಇವು ಮುಗದಾವ್ರಿ."

"ಹಂಗಾರ ಯಾವುದು ಹಾಕೋಣಪಾ? ನೀನs ಹೇಳು."

ಹಾಗೆ ಕೇಳಿದವರು ಅವರೊಬ್ಬರೇ. ಅಂದು ಮನೆಯಲ್ಲಿ ಕನಕಪ್ಪ ಹೆಂಡತಿ ಸಣ್ಣವ್ವನ ಮುಂದೆ ಆ ಮಾತನ್ನು ಎರಡು ಸಲ ಹೇಳಿದ.

ಮುಂದಿನ ವಾರ ಬಾಳಕೃಷ್ಣ ಅವನನ್ನು ಪಕ್ಕದ ಸೀಟಿನಲ್ಲಿ ಕೂಡಿಸಿಕೊಂಡು ಹುಬ್ಬಳ್ಳಿಗೆ ಹೊರಟರು. ಅಂಬಾಸಡರ್ ಟೈರು ದೊಡ್ಡದಾಯಿತು, ಫಿಯಾಟಿನದು ಕೂಡಲಿಲ್ಲ, ಹೊಸ ಮಾರುತಿಯದು ಸಣ್ಣದಾಯಿತು. ತಯಾರಿಕೆ ನಿಂತುಹೋಗಿದ್ದ ಹೆರಾಲ್ಡ್ ಕಾರಿನ ಅಳತೆಯೊಂದೇ ಸರಿಹೊಂದುತ್ತಿತ್ತು. ಒಬ್ಬ ಅಂಗಡಿಕಾರ ಆ ಅಳತೆಯ ಮಿರಿಮಿರಿ ಮಿಂಚುವ ನಾಲ್ಕು ಟೈರು ತಂದಿಟ್ಟ. ಕನಕಪ್ಪ ಉಗುರಿನಿಂದ ಅಂಚು ಕೆರೆದು, "ಹಳೇದರ ಮ್ಯಾಲೆ ಹೊಸಾ ರಬ್ಬರ್ ಹಚ್ಚ್ಯಾರ್ರಿ. ಇಂಥಾ ಗಾಡಿ ಓಡೂ ಓಟಕ್ಕ ಕಿತ್ತು ಬರತಾವ," ಎಂದ. ಅಂಗಡಿಕಾರ ಸಿಡುಕಿದಾಗ ಬಾಳಕೃಷ್ಣ ಅಂದರು, "ಇವ ಹೇಳಿದ್ದs ಕಾಯಂ." ಕಡೆಗೆ ಎರಡೇ ಎರಡು ಖರೇ ಹೊಸ ಟೈರು ಸಿಕ್ಕವು. ಉಳಿದೆರಡಕ್ಕೆ ಮದ್ರಾಸಿಗೆ ಬರೆದರು.

"ಹೊಸಾವು ಎರಡೂ ಹಿಂದ ಹಾಕೂಣ್ರಿ. ಹಿಂದಿಂದು ಜಾರಿತಂದ್ರ ಗಾಡಿ ಗಿರಕಿ ಹೊಡದಬಿಡತೈತಿ," ಎಂದ ಕನಕಪ್ಪ. ಹಳೆಯವುಗಳಲ್ಲಿ ಒಳ್ಳೆಯವೆರಡನ್ನು ಆರಿಸಿ ಮುಂದೆ ಹಾಕಿದ. "ಮದ್ರಾಸಿನವು ಬರೂಮಟಾ ಜೋರ ಹೊಡೀಬ್ಯಾಡ್ರಿ."

ಮದ್ರಾಸಿನಿಂದ ಏನೂ ಬರಲಿಲ್ಲ. ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು. ಪ್ರತಿ ಮಂಗಳವಾರ ಬಾಳಕೃಷ್ಣ ನಿಂತು ಚಹಾ ಕುಡಿದು ಹೋಗುವುದು ಮಾತ್ರ ತಪ್ಪಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ, ರಸ್ತೆಯ ಡಾಂಬರು ಕರಗುವ ಬಿಸಿಲಲ್ಲಿ ಅವರು ಗಾಲಿ ಉರುಳಿಸುತ್ತ ನಡೆದು ಬಂದರು. ಗಾಡಿ ಅರ್ಧ ಮೈಲಿ ಹಿಂದೆ ನಿಂತಿತ್ತು. ಸ್ಟೆಪ್ನಿ ಗಾಲಿ ಬೆಳಿಗ್ಗೆ ಗದಗಿನ ದಾರಿಯಲ್ಲೇ ಬಳಕೆಯಾಗಿ ಹೋಗಿತ್ತು. ಈಗ ಮುಂದಿನ ಎಡಗಾಲಿಗೆ ಚೂಪುಗಲ್ಲು ಬಡಿದು ಟೈರಿನ ಮಗ್ಗುಲಲ್ಲಿ ಬೆರಳುದ್ದ ಸೀಳಿತ್ತು.

ಕನಕಪ್ಪ ಸೀಳಿನಲ್ಲಿ ಬೆರಳಿಟ್ಟು ನೋಡಿದ. "ಬಾಜೂಕ ತೇಪಿ ನಿಲ್ಲೂದಿಲ್ರಿ. ಗಾಡಿ ಇಲ್ಲೇ ಇರ್ಲಿ, ನೀವು ಐದರ ಬಸ್ಸಿಗೆ ಹೋಗ್ರಿ."

"ಅಣ್ಣನ ಗಾಡಿನ್ನ ಬೀದ್ಯಾಗ ಬಿಟ್ಟು ಹ್ಯಾಂಗ ಹೋಗಲಿ? ಏನಾರ ಮಾಡು. ನಿನ್ನ ಕೈಗುಣ ನನಗ ಗೊತ್ತದ."

ಕೈಗುಣ ಎಂಬ ಮಾತಿಗೆ ಕನಕಪ್ಪ ಸೋತ. ಹಳೇ ಟೈರಿನ ದಪ್ಪ ಕ್ಯಾನ್ವಾಸು ಕೊಯ್ದು, ಅಂಚು ಸವರಿ, ಸೀಳಿನ ಒಳಗೆ ಅಂಟಿಸಿ, ಟ್ಯೂಬು ಹಾಕಿ ಗಾಳಿ ತುಂಬಿದ. ಹೊರಗಿನಿಂದ ಸೀಳು ಗೆರೆಯಂತೆ ಮುಚ್ಚಿಕೊಂಡಿತು. ನೋಡಲು ಚೆಂದವಿತ್ತು. ಆದರೆ ಅಂಗೈ ಇಟ್ಟಾಗ ಅಲ್ಲಿ ರಬ್ಬರು ಸಣ್ಣಗೆ ಉಬ್ಬುತ್ತಿರುವುದು ಅವನಿಗೆ ತಿಳಿಯಿತು.

"ಧಾರವಾಡದ ತನಕ ಬರ್ತದೇನು?"

ಕನಕಪ್ಪ ಕೈ ಒರೆಸಿಕೊಂಡ. "ಬರತೈತ್ರಿ. ಸಾವಕಾಶ ಹೋಗ್ರಿ."

ಇಳಿಹೊತ್ತಿಗೆ ಜೋಳದ ಲಾರಿಯ ಡ್ರೈವರ್ ಮಶಾಕಸಾಬ ಬಂದವನು ಇಂಜಿನ್ ಬಂದ್ ಮಾಡದೆಯೇ ಕೂಗಿದ: "ಕನಕಪ್ಪಾ, ನಿಮ್ಮ ವಕೀಲರ ಗಾಡಿ ಶಿರಗುಪ್ಪಿ ಹತ್ರ ಹೊಲದಾಗ ಬೋರಲ ಬಿದ್ದೈತೋ. ಮುಂದಿನ ಟೈರ್ ಒಡದೈತಿ. ಸಾಹೇಬ್ರನ್ನ ಹುಬ್ಬಳ್ಳಿ ದವಾಖಾನಿಗೆ ಒಯ್ದರು, ಜೀವ ಐತಿ."

ಜೀವವಿತ್ತು. ಸೊಂಟದ ಕೆಳಗೆ ಮಾತ್ರ ಸ್ವಾಧೀನ ಇರಲಿಲ್ಲ.

ನಾಲ್ಕನೆಯ ದಿನ ಕನಕಪ್ಪ ದವಾಖಾನೆಗೆ ಹೋದ. ವಕೀಲರ ಹೆಂಡತಿ ಲೀಲಾಬಾಯಿ ಮಂಚದ ಪಕ್ಕ ಕೂತಿದ್ದರು. ಅವನ ಹೆಸರು ಕೇಳಿ ಎದ್ದು ಸ್ಟೂಲು ಸರಿಸಿದರು. "ನೀವು ಬ್ಯಾಡ ಅಂದಿದ್ರಂತ. ಇವರs ಹಟ ಮಾಡಿದ್ರು. ನೀವ್ಯಾಕ ಮನಸಿಗೆ ಹಚ್ಚಿಕೋತೀರಿ?"

ಬಾಳಕೃಷ್ಣ ಛಾವಣಿ ನೋಡುತ್ತಲೇ ಅಂದರು, "ಮೂವತ್ತರ ಮ್ಯಾಲೆ ಹೋಗಿದ್ದಿಲ್ಲ ಕನಕಪ್ಪ. ನೀ ಹೇಳಿದಂಗs ಸಾವಕಾಶ ಹೊಂಟಿದ್ದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕನಕಪ್ಪ ತಲೆಬಗ್ಗಿಸಿ ಹೊರಗೆ ಬಂದುಬಿಡುತ್ತಿದ್ದನೇನೋ. ಅವನು ಸ್ಟೂಲಿನಿಂದ ಎದ್ದು ನಿಂತ.

"ಗೊತ್ತಿತ್ರೀ ನನಗ. ಅದು ನಿಲ್ಲೂದಿಲ್ಲಂತ ಗೊತ್ತಿದ್ದs ಬರತೈತಿ ಅಂದೆ. ನಿಮ್ಮ ಮುಂದ ಆಗೂದಿಲ್ಲ ಅನ್ನಾಕ ಮನಸ ಬರಲಿಲ್ಲ."

ಹೊದಿಕೆ ಸರಿಪಡಿಸುತ್ತಿದ್ದ ಲೀಲಾಬಾಯಿಯವರ ಕೈ ನಿಂತಿತು. ಬಾಳಕೃಷ್ಣ ಛಾವಣಿಯಿಂದ ಕಣ್ಣು ತೆಗೆಯದೆ ಅಂದರು: "ಇದನ್ನ ಹೇಳಬಾರದಾಗಿತ್ತು ನೀನು. ಹೋಗು."

ಪೊಲೀಸರು, ಟೈರು ಒಡೆದು ಆದ ಅಪಘಾತ ಎಂದು ಬರೆದುಕೊಂಡು ಮುಗಿಸಿದರು. ಕನಕಪ್ಪನನ್ನು ಯಾರೂ ಕರೆಯಲಿಲ್ಲ, ಯಾರೂ ಕೇಳಲಿಲ್ಲ. ಅದೇ ಅವನಿಗೆ ಭಾರವಾಯಿತು. ಅಂಗಡಿ ತೆರೆದಿಟ್ಟನಾದರೂ ಬಂದವರಿಗೆಲ್ಲ "ತೇಪಿ ಹಾಕೂದಿಲ್ಲ, ಹೊಸಾದು ತರ್ರಿ" ಎನ್ನತೊಡಗಿದ. ಮೊಳೆಯ ಸಣ್ಣ ತೂತಿಗೂ ಅದೇ ಮಾತು. ಡ್ರೈವರುಗಳು ಬೈದು ಮುಂದಿನ ಊರಿಗೆ ಹೋದರು. "ಸೈಕಲ್ ಕೆಲಸಾರ ಮಾಡ್ರಿ," ಎಂದು ಸಣ್ಣವ್ವ ಅತ್ತಳು. ಸೈಕಲ್ಲಿನ ಟ್ಯೂಬನ್ನೂ ಅವನು ಹಾಗೇ ತಿರುಗಿ ಕೊಟ್ಟುಬಿಡುತ್ತಿದ್ದ. ಮಳೆಗಾಲ ಮುಗಿಯುವಷ್ಟರಲ್ಲಿ ತಗಡು ಬಿಚ್ಚಿದ. ಗಂಡಹೆಂಡಿರಿಬ್ಬರೂ ಕಾಳುಕಡಿ ಮಾರಿಸಿಕೊಡುವ ಅಣ್ಣಿಗೇರಿಯ ಅಡತಿ ಅಂಗಡಿಯಲ್ಲಿ ಕೂಲಿಗೆ ನಿಂತರು. ಅವಳು ಕಡಲೆ ಹಸನು ಮಾಡುವಳು, ಇವನು ಚೀಲ ಹೊರುವನು.

ಎರಡು ವರ್ಷದ ಮೇಲೆ, ಅದೇ ಅಡತಿಗೆ ಮಾಲು ತುಂಬಲು ಬಂದ ಮಶಾಕಸಾಬ ಅವನ ಎಡಗಿವಿಯ ಬಳಿ ಬಂದು ಹೇಳಿದ, "ವಕೀಲ ಸಾಹೇಬ್ರು ತೀರಕೊಂಡರಂತ. ಹದಿನೈದು ದಿನಾ ಆತು. ಮಲಗಿ ಮಲಗಿ ಬೆನ್ನೆಲ್ಲಾ ಹುಣ್ಣಾಗಿತ್ತಂತ."

"ಲೀಲಾಬಾಯಿಯವರು?"

"ಮನಿ ಮಾರಾಕಿಟ್ಟು ತವರಿನ ಅಣ್ಣನ ಕಡೆ ಹೋದ್ರಂತ. ಯಾವ ಊರೋ ಗೊತ್ತಿಲ್ಲ."

ಲಾರಿಯ ಮೇಲಿದ್ದವನು ಚೀಲಕ್ಕಾಗಿ ಕೂಗುತ್ತಿದ್ದ. ಕನಕಪ್ಪ ಬೆನ್ನು ಬಗ್ಗಿಸಿ ಕೊಟ್ಟ. ಇಬ್ಬರು ಆಳುಗಳು ಚೀಲವೆತ್ತಿ ಅವನ ಬೆನ್ನ ಮೇಲಿಟ್ಟರು.