ಸೀಸನ್ ಮುಗಿಯದ ಹರ್ಷಿಣಿ

ದೆಹಲಿಯ ಸರೋಜಿನಿ ನಗರದ ನಮ್ಮ ಕ್ವಾರ್ಟರ್ಸಿಗೆ ಹರ್ಷಿಣಿ ಬಂದರೆ ನಾವು ಮೊದಲು ಫ್ಯಾನ್ ಆರಿಸುತ್ತೇವೆ. ಅಷ್ಟು ಎತ್ತರದ ಹುಡುಗಿ. ಮೇಲಿನ ಮಹಡಿಯ ಗುಮಾಸ್ತ ಮಹಂತೇಶರ ಈ ಮಗಳು ಪೋರ್ಚುಗಲ್ಲಿನಲ್ಲಿ ಸಂಬಳಕ್ಕೆ ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ. ರಜೆಗೆ ಬಂದರೂ ಬೆಳಗಾದರೆ ಸಾಕು, ಪಾರ್ಕಿನ ಬಲೆಯಿಲ್ಲದ ರಿಂಗಿಗೆ ಚೆಂಡೆಸೆಯುತ್ತಿರುತ್ತಾಳೆ. ಅವಳ ಅಳತೆಯ ಚಪ್ಪಲಿ ಇಡೀ ಮಾರ್ಕೆಟ್ಟಿನಲ್ಲಿಲ್ಲ. "ಭಯ್ಯಾ, ಜೆಂಟ್ಸ್ ವಾಲಾ ಹೀ ದೇ ದೋ" ಎಂದು ಅಂಗಡಿಯವನ ಹತ್ತಿರ ಗಂಡಸರದ್ದನ್ನೇ ಕೇಳಿ ನಗುತ್ತಾಳೆ. ನನ್ನ ಹೆಂಡತಿ ಮದುವೆಯ ಮಾತೆತ್ತಿದರೆ "ಸೀಸನ್ ಮುಗೀಲಿ ಆಂಟಿ" ಎನ್ನುತ್ತಾಳೆ. ಆ ಸೀಸನ್ ಮುಗಿದದ್ದನ್ನು ಯಾರೂ ಕಂಡಿಲ್ಲ. ಈ ವರ್ಷ ಮಂಡಿಗೆ ಆಪರೇಷನ್ ಆಯಿತು, ಕ್ಲಬ್ಬಿನವರು ಕೈಬಿಟ್ಟರು. ಅದೇ ಹೊತ್ತಿಗೆ ಇಲ್ಲಿ ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿ ಸಿಕ್ಕಿತು. ಕಾಲೊನಿಗೆ ಕಾಲೊನಿಯೇ ಸಿಹಿ ಹಂಚಿತು. ಅವಳು ಮಾತ್ರ ನೌಕರಿ ಬೇಡವೆಂದು ಪೋರ್ಚುಗಲ್ಲಿನದೇ ಒಂದು ಪುಟ್ಟ ಊರಿನ ಎರಡನೇ ದರ್ಜೆಯ ತಂಡಕ್ಕೆ ಆಡಲು ಒಪ್ಪಿಕೊಂಡಳು. ಹೊರಡುವ ದಿನ ನಾನು ತಡೆಯಲಾರದೆ, "ಪರ್ಮನೆಂಟ್ ಕೆಲಸ ಬಿಡ್ತಾರೇನಮ್ಮಾ?" ಎಂದೆ. "ಅಂಕಲ್, ಅಲ್ಲಿ ಯಾರಿಗೂ ನನ್ನ ಹೆಸರು ಸರಿಯಾಗಿ ಹೇಳೋಕೆ ಬರಲ್ಲ. ಆದ್ರೆ ಎಲ್ರೂ ಸೇರಿ ಕೂಗಿದಾಗ ಮಂಡಿ ನೋವು ಗೊತ್ತೇ ಆಗಲ್ಲ" ಎಂದಳು. ಅವಳ ಬ್ಯಾಗನ್ನು ಆಟೋಗೆ ಎತ್ತಿಡುತ್ತಿದ್ದ ಮಹಂತೇಶರು ನನ್ನತ್ತ ತಿರುಗಿದರು. "ಹೋಗ್ಲಿ ಬಿಡಿ ಸಾರ್. ನನ್ನ ಹೆಸರನ್ನ ಆಫೀಸಲ್ಲಿ ಕೂಗೋದು ಫೈಲು ಕಳೆದಾಗ ಮಾತ್ರ."